ರೀಬೆಯಲ್ಲಿ ಒಂದು ವಾರ

ಬೇಸಿಗೆ ರಜೆ ಮುಗಿದೊಡನೆ ನಮ್ಮ ಸುದ್ದಿಪತ್ರಕ್ಕೆ ಬರುವ ಪ್ರವಾಸ ಲೇಖನಗಳಲ್ಲಿ ಪ್ಯಾರಿಸ್, ರೋಮ್, ಪ್ರಾಗ್ ಒಂದರ ಬೆನ್ನಿಗೊಂದು ಬಂದು ಹೋಗುತ್ತವೆ. ಒಂದೇ ಊರಿನಲ್ಲಿ ಎರಡು ರಾತ್ರಿಗಿಂತ ಹೆಚ್ಚು ತಂಗಿದವರು ಅಪರೂಪ. ನಾವೂ ಹಾಗೆಯೇ ಓಡಿದವರು. ಈ ವರ್ಷ ಕುಂದಾಪುರದಿಂದ ಬಂದಿದ್ದ ಅತ್ತೆಯವರ ಮಂಡಿನೋವಿನಿಂದಾಗಿ ಆ ಓಟವನ್ನು ಕೈಬಿಟ್ಟು, ಡೆನ್ಮಾರ್ಕಿನ ನೈಋತ್ಯ ಮೂಲೆಯ ರೀಬೆ ಎಂಬ ಪುಟ್ಟ ಊರಿನ ಹತ್ತಿರ ಒಂದು ವಾರದ ಮಟ್ಟಿಗೆ ಮನೆಯೊಂದನ್ನು ಬಾಡಿಗೆಗೆ ಹಿಡಿದೆವು.

ಅಲ್ಲಿ ಇಂಥ ಮನೆಗಳಿಗೆ ಹೋಗುವವರು ಹಾಸಿಗೆ ಬಟ್ಟೆ, ಟವೆಲ್ಲುಗಳನ್ನು ತಾವೇ ಒಯ್ಯುವುದು ವಾಡಿಕೆ. ಕರೆಂಟಿನ ಹಣವನ್ನೂ ಮೀಟರ್ ನೋಡಿ ಬೇರೆಯಾಗಿ ಕೊಡಬೇಕು. ಇದನ್ನು ಕೇಳಿದ ಮೇಲೆ ಅತ್ತೆಯವರು ಕುಕ್ಕರಿನ ಪ್ರತಿ ಸೀಟಿಗೂ ಮೀಟರಿನತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದರು.

ರೀಬೆ ಡೆನ್ಮಾರ್ಕಿನ ಅತ್ಯಂತ ಹಳೆಯ ಪಟ್ಟಣ. 8ನೆಯ ಶತಮಾನದ ಆರಂಭದಲ್ಲಿ ಸಂತೆಯ ಜಾಗವಾಗಿ ಹುಟ್ಟಿದ ಈ ಊರು 2010ರಲ್ಲಿ ತನ್ನ 1300 ವರ್ಷಗಳನ್ನು ಆಚರಿಸಿಕೊಂಡಿತು. ಮಕ್ಕಳು ಊರಿನ ಕೆಥೆಡ್ರಲ್ ಚರ್ಚಿನ ಗೋಪುರದ 248 ಮೆಟ್ಟಿಲುಗಳನ್ನು ಎಣಿಸುತ್ತಲೇ ಹತ್ತಿದರು. ಚರ್ಚಿನೊಳಗೆ ಡೆನ್ಮಾರ್ಕಿನ ಕಲಾವಿದ ಕಾರ್ಲ್-ಹೆನಿಂಗ್ ಪೇಡರ್ಸನ್ 1980ರ ದಶಕದಲ್ಲಿ ಮಾಡಿದ ಬಣ್ಣಬಣ್ಣದ ಮೊಸಾಯಿಕ್ ನನಗೆ ಆ ಹಳೆಯ ಕಲ್ಲಿನ ನಡುವೆ ಒಗ್ಗಲಿಲ್ಲ; ಮಕ್ಕಳಿಗೆ ಹಿಡಿಸಿದ್ದು ಅದೊಂದೇ.

ನಾವು ಮತ್ತೆ ಮತ್ತೆ ಹೋದದ್ದು ಹೊಳೆಯ ದಂಡೆಯ ಹಳೆಯ ಬಂದರುಕಟ್ಟೆಗೆ. ಅಲ್ಲಿ ಒಂದು ಕಂಬವಿದೆ. ಕಡಲು ಉಕ್ಕಿ ಊರಿಗೆ ನುಗ್ಗಿದಾಗಲೆಲ್ಲ ನೀರು ಎಲ್ಲಿಯವರೆಗೆ ಏರಿತ್ತೆಂದು ತೋರಿಸಲು ಅದರ ಸುತ್ತ ಬಳೆಗಳನ್ನು ತೊಡಿಸಿದ್ದಾರೆ. ಎಲ್ಲಕ್ಕಿಂತ ಮೇಲಿನ ಬಳೆ 1634ರ ಅಕ್ಟೋಬರಿನದು. ಅದನ್ನು ನೋಡಲು ಎತ್ತರದ ಆಳೂ ಕತ್ತೆತ್ತಬೇಕು. ಅತ್ತೆಯವರು ಕಂಬದ ಬುಡದಲ್ಲಿ ಬಹಳ ಹೊತ್ತು ನಿಂತಿದ್ದು, “ನಮ್ಮಲ್ಲಿ ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಅಜ್ಜಿಯಂದಿರು ಹೇಳ್ತಿದ್ರು, ಇವರು ಕಂಬಕ್ಕೇ ಹೇಳಿ ಇಟ್ಟಿದ್ದಾರೆ” ಎಂದರು.

ಬೇಸಿಗೆಯ ರಾತ್ರಿಗಳಲ್ಲಿ ಊರಿನ ಕಾವಲುಗಾರ ಕಂದೀಲು ಹಿಡಿದು, ಹಳೆಯ ಹಾಡುಗಳನ್ನು ಹಾಡುತ್ತ ಬೀದಿಗಳಲ್ಲಿ ಸುತ್ತು ಬರುತ್ತಾನೆ. ಅವನ ಹಿಂದೆ ನಡೆಯಲು ಹಣ ಕೊಡಬೇಕಿಲ್ಲ. 1902ರಲ್ಲಿ ನಿಂತುಹೋಗಿದ್ದ ಈ ಕಾವಲು 1930ರ ದಶಕದಲ್ಲಿ ಪ್ರವಾಸಿಗರಿಗಾಗಿ ಮರಳಿತು. ಜೂನ್ ಕೊನೆಯ ರಾತ್ರಿ ಹತ್ತು ಗಂಟೆಯಾದರೂ ಬೆಳಕು ಆರಿರಲಿಲ್ಲವಾದ್ದರಿಂದ, ಕಂದೀಲು ಯಾತಕ್ಕೆಂದು ನಮ್ಮ ಚಿಕ್ಕವನು ಕೇಳಿದ್ದು ಸರಿಯಾಗಿಯೇ ಇತ್ತು.

ಪಕ್ಕದ ಮಾಂಡೋ ದ್ವೀಪಕ್ಕೆ ಟ್ರ್ಯಾಕ್ಟರ್ ಎಳೆಯುವ ಬಸ್ಸು ಹೋಗುತ್ತದೆ. ಇಳಿತದಲ್ಲಿ ಬರಿದಾದ ಕಡಲತಳದ ಮೇಲೆಯೇ ಅದರ ದಾರಿ, ಆದ್ದರಿಂದ ಹೊರಡುವ ವೇಳೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಎರಡು ರಾತ್ರಿಯ ಪ್ರವಾಸಿಗೆ ಆ ವೇಳೆ ಹೊಂದಿಬರುವುದು ಅದೃಷ್ಟ. ನಾವು ಮೂರು ದಿನ ಕಾದು ನಾಲ್ಕನೆಯ ದಿನ ಚಿತ್ರಾನ್ನದ ಡಬ್ಬಿಯೊಂದಿಗೆ ಹತ್ತಿದೆವು. ಉಬ್ಬರ ಇಳಿತಗಳ ಲೆಕ್ಕವನ್ನು ಚಿಕ್ಕಂದಿನಿಂದ ಬಲ್ಲ ಅತ್ತೆಯವರೇ ಅಂದು ಮಕ್ಕಳಿಗೆ ಮಾರ್ಗದರ್ಶಿ.

ಮುಂದಿನ ಸಂಚಿಕೆಗೆ ಪ್ರವಾಸ ಲೇಖನ ಕಳುಹಿಸುವವರು ಊರಿನ ಹೆಸರಿನ ಜೊತೆಗೆ ಅಲ್ಲಿ ಎಷ್ಟು ರಾತ್ರಿ ತಂಗಿದ್ದಿರೆಂಬುದನ್ನೂ ದಯವಿಟ್ಟು ಬರೆಯಿರಿ.