ಗಾಳದ ಕ್ಯಾಮೆರಾ ಕೆಡುವುದು ಮರಳಿನ ಒಂದು ಕಣಕ್ಕೆ

ಮಾನ್ಯರೇ,

ಮಲ್ಪೆ, ಸಸಿಹಿತ್ಲು, ತಣ್ಣೀರುಬಾವಿ ಕಡೆ ಗಾಳ ಹಾಕುವವರು ಈಗ ದಾರಕ್ಕೆ ಪುಟ್ಟ ಕ್ಯಾಮೆರಾ ಕಟ್ಟಿ ನೀರಿನೊಳಗಿನ ವಿಡಿಯೊ ತೆಗೆಯುತ್ತಿದ್ದಾರೆ. ಒಳ್ಳೆಯದೇ. ಕಾಣೆ ಮೀನು ಮರಳಿಗೆ ಮೂತಿಯಿಟ್ಟು ಹುಳ ಹೆಕ್ಕುವುದನ್ನು ನೋಡಿದವರಿಗೆ ಗಾಳವನ್ನು ತಳಕ್ಕೇ ಏಕೆ ಇಳಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಆದರೆ ಕ್ಯಾಮೆರಾಕ್ಕೆ ನೀರು ತಾಗದಂತೆ ಹಾಕುವ ಕವಚದ ರಬ್ಬರ್ ಉಂಗುರವನ್ನು ಯಾರೂ ಗಮನಿಸುವುದಿಲ್ಲ. ಅದರ ಮೇಲೆ ಮರಳಿನ ಒಂದು ಕಣ, ಒಂದು ಕೂದಲು ಕೂತರೂ ಉಪ್ಪುನೀರು ಒಳಗೆ ಬಂದಂತೆಯೇ. 10 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು. ಹಾಗಾಗಿ ಕವಚವನ್ನು ಕಡಲ ಗಾಳಿಯಲ್ಲಿ ತೆರೆಯಬೇಡಿ. ಮನೆಯಲ್ಲೇ ಉಂಗುರ ಒರೆಸಿ, ಬೆರಳಾಡಿಸಿ ನೋಡಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿ. ನಮ್ಮೂರಿನ ತೇವದ ಗಾಳಿ ಒಳಗೆ ಸಿಕ್ಕಿಕೊಂಡರೆ ತಣ್ಣೀರಿಗಿಳಿದ ಕೂಡಲೇ ಗಾಜು ಮಂಜಾಗುತ್ತದೆ. ಉಂಗುರಕ್ಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ಕೆಲವು ರಬ್ಬರ್ ಉಬ್ಬಿಬಿಡುತ್ತವೆ.

ಕ್ಯಾಮೆರಾ ಗಾಳದಿಂದ ಸುಮಾರು 1 ಮೀಟರ್ ಮೇಲಿರಲಿ, ಅದರ ಎರಡೂ ತುದಿಗೆ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ; ಇಲ್ಲವಾದರೆ ಸೆಳೆತಕ್ಕೆ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ. ವೈಫೈ ನೀರಿನೊಳಗೆ ನಡೆಯದು, ಇಳಿಸುವ ಮೊದಲೇ ರೆಕಾರ್ಡ್ ಒತ್ತಿ. ಕೆಂಪು ಬಣ್ಣ ಕೆಲವೇ ಮೀಟರ್‌ಗೆ ಮಾಸುವುದರಿಂದ ಕೆಂಪು ಮೀನಾದ ಕೆಂಬೇರಿಯೂ ಬೂದು ಬಣ್ಣವಾಗಿ ಕಾಣುತ್ತದೆ. ಮಳೆಗಾಲದಲ್ಲಿ ಅಳಿವೆಯ ಕೆಸರುನೀರಿಗೆ ಇಳಿಸಿ ಫಲವಿಲ್ಲ.

ಮೇಲೆತ್ತಿದ ಮೇಲೆ ಕವಚ ಮುಚ್ಚಿದ್ದಂತೆಯೇ ಸಿಹಿನೀರಿನಲ್ಲಿ 20 ನಿಮಿಷ ನೆನೆಸಿ. ಉಪ್ಪು ಹರಳುಗಟ್ಟಿದರೆ ಅದೇ ಉಂಗುರವನ್ನು ಗೀರುತ್ತದೆ. ಮಾರುವ ಅಂಗಡಿಯವರು ಕ್ಯಾಮೆರಾದ ಜತೆ ಒಂದು ಹೆಚ್ಚುವರಿ ಉಂಗುರ ಕೊಟ್ಟು, ಅದನ್ನು ಬದಲಿಸುವುದನ್ನು ಗಿರಾಕಿಗಳಿಗೆ ತೋರಿಸಿಕೊಡಲಿ.

– ಗಾಳ ಹವ್ಯಾಸಿಗಳು, ಮಲ್ಪೆ, ಉಡುಪಿ