ಮೊದ್ಲು ಹಕ್ಕುಪತ್ರ ಕೊಡಿ, ಬಂದರಿನ ಮಾತು ಆಮೇಲೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕರಾವಳಿ ಬಂದರಿನ ವಿಷಯಕ್ಕೆ ಘಟ್ಟದ ಮೇಲಿನವರು ಯಾಕೆ ತಲೆ ಹಾಕ್ಬೇಕು ಅಂತ ನಮ್ಮೂರಲ್ಲೇ ಕೆಲವ್ರು ಕೇಳ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟೋ ನಮ್ಮ ಶರಾವತಿ ಸಮುದ್ರ ಸೇರೋದು ಹೊನ್ನಾವರದಲ್ಲಿ, ಆ ಅಳಿವೆ ಪಕ್ಕದ ಕಾಸರಕೋಡು ಟೊಂಕದಲ್ಲೇ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡ್ತಾ ಇರೋದು. ಮಳೆಗಾಲಕ್ಕೆ ಮುಂಚೆ ನಮ್ಮ ಸಾಗರದ ಸಂತೇಲಿ ನಾವು ಕೊಂಡು ಡಬ್ಬ ತುಂಬಿಸಿಡೋ ಒಣ ಬಂಗುಡೆ, ಚಟ್ಲಿ ಎಲ್ಲಾ ಆ ಕಡೆ ಮರಳ ಮೇಲೆ ಒಣಗಿ ಬಂದಿದ್ದೇ. ಹಾಗಾಗಿ ಇದು ನಮಗೂ ಸಂಬಂಧಪಟ್ಟಿದ್ದು.

ಸರ್ಕಾರದ ಕಣ್ಣಿಗೆ ಆ ಮರಳು ಖಾಲಿ ಜಾಗ. ಹೋಗಿ ನೋಡಿದ್ರೆ ಗೊತ್ತಾಗುತ್ತೆ, ಬಿಸಿಲು ಏರ್ತಿದ್ದಂಗೆ ಹೆಂಗಸರು ಹಳೇ ಬಲೆ ಹಾಸಿ ಮೀನು ಹರಡ್ತಾರೆ, ಕಾಗೆ ಓಡಿಸ್ತಾ ಮಧ್ಯೆ ಮಧ್ಯೆ ಮಗುಚಿ ಹಾಕ್ತಾರೆ, ಸಂಜೆ ಇಬ್ಬನಿ ಬೀಳೋ ಮುಂಚೆ ರಾಶಿ ಮಾಡಿ ಮುಚ್ಚಿಡ್ತಾರೆ, ದೋಣಿ ಎಳೆದಿಡೋದೂ ಬಲೆ ಹೊಲಿಯೋದೂ ಅಲ್ಲೇ, ಕಡಲಾಮೆ ಮೊಟ್ಟೆ ಇಡೋದೂ ಅದೇ ಮರಳಲ್ಲಿ. ಆದ್ರೆ ಈ ಯಾವುದಕ್ಕೂ ಪಹಣಿ ಇಲ್ಲವಲ್ಲ, ತಲೆತಲಾಂತರದಿಂದ ಇದ್ದವ್ರು ಒಂದೇ ಸಲಕ್ಕೆ ಒತ್ತುವರಿದಾರರು ಆಗಿಬಿಡ್ತಾರೆ.

ಈ ಮಾತು ಕೇಳಿದ್ರೆ ನಮ್ಮ ಕಡೆಯವರಿಗೆ ಹೊಟ್ಟೆ ಉರಿಯುತ್ತೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಡ್ಯಾಮ್ ಕಟ್ಟಿದಾಗ ನಮ್ಮ ಜನಾನೂ ನಾಡಿಗೆ ಬೆಳಕು ಬರುತ್ತೆ ಅಂತ ಗದ್ದೆ ತೋಟ ಮನೆ ದೇವಸ್ಥಾನ ಎಲ್ಲಾ ನೀರಿಗೆ ಬಿಟ್ಟು ಲಾರಿ ಹತ್ತಿದ್ರು, ಇಳಿಸಿದ್ದು ಕಾಡಲ್ಲಿ, ಆ ಕಾಡು ಇವತ್ತಿಗೂ ಕಾಗದದಲ್ಲಿ ಅರಣ್ಯ ಇಲಾಖೆದೇ. ಅಜ್ಜ ಹೋದ್ರು, ಮಗ ಮುದುಕ ಆದ, ಮೊಮ್ಮಗ ಹಕ್ಕುಪತ್ರಕ್ಕೆ ಅರ್ಜಿ ಹಿಡ್ಕೊಂಡು ಶಿವಮೊಗ್ಗದ ಕಚೇರಿ ಮೆಟ್ಲು ಹತ್ತೋದು ಇನ್ನೂ ನಿಂತಿಲ್ಲ. ಹಿನ್ನೀರಿನ ಆಚೆ ತುಮರಿ ಕಡೆಯವರು ಲಾಂಚ್‌ಗೆ ಕಾದೂ ಕಾದೂ ಕೊನೆಗೆ ಸಿಗಂದೂರು ಸೇತುವೆ ಶುರುವಾಗಿದ್ದು 2025ರ ಜುಲೈನಲ್ಲಿ, ಅಂದ್ರೆ ಅರವತ್ತು ವರ್ಷ ಆದ್ಮೇಲೆ. ಕಾರವಾರದ ಕಡೆ ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟವ್ರೂ ಪರಿಹಾರಕ್ಕೆ ಅಂತ ದಶಕಗಟ್ಟಲೆ ಕೋರ್ಟು ಅಲೆದಿದ್ದಾರೆ. ಇಷ್ಟಾದ್ಮೇಲೂ 'ಮೊದ್ಲು ಜಾಗ ಬಿಡಿ, ಆಮೇಲೆ ನೋಡೋಣ' ಅನ್ನೋ ಮಾತನ್ನ ಯಾರು ನಂಬ್ತಾರೆ ಹೇಳಿ?

ಇನ್ನು ಪಾಲಿಸಿ ವಿಷಯ. ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯ ಅಂತ, ದಡದ ಹತ್ತಿರ ಏನು ಕಟ್ಬಹುದು ಏನು ಕಟ್ಬಾರದು ಅಂತ ಹೇಳೋ ಒಂದು ನಿಯಮ 1991ರಿಂದ ಇದೆ, ಆಮೇಲೆ ತಿದ್ದಿ ತಿದ್ದಿ 2011ರದ್ದು, 2019ರದ್ದು ಬಂತು. ಮೀನುಗಾರ ಮನೆ ಮುಂದೆ ಒಂದು ಕೋಣೆ ಎಳೆಯೋಕೆ ಹೋದ್ರೂ ಅದು ಅಡ್ಡ ಬರುತ್ತೆ, ಅದೇ ನಿಯಮದಲ್ಲಿ ಸಮುದ್ರಕ್ಕೆ ಮಣ್ಣು ತುಂಬಬಾರದು ಅಂತ ಬರೆದು ಬಂದರಿಗೆ ಮಾತ್ರ ವಿನಾಯ್ತಿ ಇಟ್ಟಿದ್ದಾರೆ. ಮಹಾರಾಷ್ಟ್ರದ ವಾಢವಣ್ ಬಂದರಿಗೆ 2024ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದೆ, ಅಲ್ಲಿ ಸಮುದ್ರದಲ್ಲೇ 1,448 ಹೆಕ್ಟೇರ್ ತುಂಬಿಸ್ತಾರಂತೆ, ನಮ್ಮ ಲೆಕ್ಕಕ್ಕೆ ಮೂರೂವರೆ ಸಾವಿರ ಎಕರೆ! ಹಂಗೆ ಹುಟ್ಟಿದ ನೆಲ ಬಂದರಿನವರದ್ದು, ಅಲ್ಲಿ ಇಷ್ಟು ಕಾಲ ಬಲೆ ಬೀಸಿದವನಿಗೆ ಒಂದು ಗುಂಟೆನೂ ಇಲ್ಲ. ನಮ್ಮ ಅಂಕೋಲಾದ ಕೇಣಿ ಬಂದರಿಗೆ 2025ರ ಆಗಸ್ಟ್‌ನಲ್ಲಿ ಅಹವಾಲು ಸಭೆ ಕರೆದಾಗ ಸಾವಿರಾರು ಜನ ಬಂದು ಬೇಡ ಅಂದ್ರು. ಪಕ್ಕದ ಬೇಲೇಕೇರೀಲಿ 2010ರಲ್ಲಿ ಅಕ್ರಮ ಅಂತ ಜಪ್ತಿ ಮಾಡಿಟ್ಟ ಕಬ್ಬಿಣದ ಅದಿರೇ ಹಡಗು ಹತ್ತಿ ಹೋಗಿತ್ತು, ಅದನ್ನ ಕಂಡ ಜನ ಅವ್ರು.

ಮರಳಿನ ವಿಷಯ ಯಾರೂ ಎತ್ತಲ್ಲ, ನನಗೆ ಅದೇ ದೊಡ್ಡ ಚಿಂತೆ. ನದಿ ತರೋ ಮರಳಲ್ಲೇ ದಡ ಉಳಿಯೋದು, ಅದ್ರಲ್ಲಿ ಎಷ್ಟೋ ಲಿಂಗನಮಕ್ಕಿ ಒಳಗೇ ಕೂತುಬಿಡುತ್ತೆ, ಕೆಳಗೆ ಅಳಿವೇಲಿ ತಡೆಗೋಡೆ ಕಟ್ಟಿ ಹೂಳೆತ್ತೋಕೆ ಶುರು ಮಾಡಿದ್ರೆ ದಡದುದ್ದಕ್ಕೂ ಸಾಗೋ ಮರಳೂ ತಪ್ಪುತ್ತೆ, ಗೋಡೆಯ ಒಂದು ಬದಿ ತುಂಬ್ಕೊಳ್ಳುತ್ತೆ ಇನ್ನೊಂದು ಬದಿ ಕೊರೀತದೆ. ಉಳ್ಳಾಲದಲ್ಲಿ ವರ್ಷ ವರ್ಷ ಕಲ್ಲು ಸುರಿದ್ರೂ ಸಮುದ್ರಕ್ಕೆ ಮನೆ ಹೋಗೋದು ನಿಂತಿಲ್ಲ. ಪರಿಸರ ವರದಿ ಮಾಡೋರು ಬಂದರಿನ ಸುತ್ತ ಮಾತ್ರ ಅಳೆದು ಕೈ ತೊಳ್ಕೊಳ್ಳೋದು ಬಿಟ್ಟು ಡ್ಯಾಮಿನಿಂದ ಅಳಿವೆ ತನಕ ಇಡೀ ನದಿ ನೋಡ್ಬೇಕು.

ಬಂದರೇ ಬೇಡ ಅಂತ ನಾನು ಹೇಳ್ತಿಲ್ಲ, ಮಂಗಳೂರಲ್ಲಿ 1974ರಿಂದ ದೊಡ್ಡ ಬಂದರು ಇದೆ, ಮೊದ್ಲು ಅದನ್ನ ಪೂರ್ತಿ ಬಳಸ್ಲಿ. ಹೊಸದು ಬೇಕೇ ಬೇಕು ಅಂದ್ರೆ ಒಂದು ಲೋಡ್ ಮಣ್ಣು ಬೀಳೋ ಮುಂಚೆ ದಡದ ಮನೆಗಳಿಗೆ ಹಕ್ಕುಪತ್ರ, ಮೀನು ಒಣಗ್ಸೋ ಜಾಗ ಮೀನುಗಾರರದ್ದೇ ಅಂತ ಸರ್ಕಾರಿ ದಾಖಲೆ, ಎರಡೂ ಕೈಗೆ ಬರ್ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ನಮ್ಮ ಮುಳುಗಡೆ ಸಂತ್ರಸ್ತರ ಜೊತೆಗೇ ಟೊಂಕದವರ ಹಕ್ಕುಪತ್ರದ ಪ್ರಶ್ನೆನೂ ಎತ್ತಿ ಉತ್ತರ ತಗೊಳ್ಳಿ.

ಇಂತಿ,
ಶರಾವತಿ ಹಿನ್ನೀರಿನ ಕಡೆಯ ಓದುಗ
ಸಾಗರ ತಾಲ್ಲೂಕು