ಸದ್ದಲೇ!

ರಾತ್ರಿ ಹನ್ನೊಂದೂವರೆ. ಪುಟ ಜೋಡಿಸುವವರು ಮೂರನೇ ಸಲ ಮೆಸೇಜ್ ಹಾಕಿದ್ದಾರೆ, "ಸಂಪಾದಕೀಯ ಎಲ್ಲಿ?" ನಮ್ಮ ಸಂಘದ ಪತ್ರಿಕೆಯ ಯುಗಾದಿ ಸಂಚಿಕೆ ಬೆಳಗಾಗುವುದರೊಳಗೆ ಹೋಗಲೇಬೇಕು.

ತಪ್ಪು ಮಗಳದ್ದು. ಸಂಜೆ ಸಂಕಲ್ಪ ಹೇಳಿಕೊಡುತ್ತಿದ್ದೆ. "ಕಲಿಯುಗೇ ಪ್ರಥಮಪಾದೇ" ಬಂದಾಗ ತಡೆದಳು. ಕಲಿಯುಗ ಎಷ್ಟು ವರ್ಷ? 4,32,000 ಎಂದೆ. ಕ್ರಿ.ಪೂ. 3102ರಲ್ಲಿ ಶುರುವಾಯಿತೆಂದು ಲೆಕ್ಕ, ಇನ್ನೂ ಮೊದಲ ಕಾಲುಭಾಗವೇ ಮುಗಿದಿಲ್ಲ.

"ಮನುಷ್ಯರು ಬಂದೇ ಸುಮಾರು 3 ಲಕ್ಷ ವರ್ಷ ಅಂತೆ. ಟೀಚರ್ ನೋಡಿದ್ರೆ ಮಂಗನಿಂದ ಮೇಲೆ ಮೇಲೆ ಬಂದ್ವಿ ಅಂತಾರೆ, ನೀನು ಧರ್ಮದ ಬಸವನಿಗೆ ಒಂದೇ ಕಾಲು ಉಳಿದಿದೆ ಅಂತೀಯ. ನಾವು ಹತ್ತುತಾ ಇದೀವಾ, ಇಳೀತಾ ಇದೀವಾ?"

ವಿಕಾಸ ಅಂದರೆ ಏಣಿಯಲ್ಲ, ಕವಲೊಡೆಯುವ ಮರ ಎಂದು ಜಾರಿಕೊಂಡೆ. ಯುಗದ ಪ್ರಶ್ನೆ ಹಾಗೇ ಉಳಿಯಿತು. ಪಾತ್ರೆ ತೊಳೆಯುವಾಗ ಮೈಲಾರ ನೆನಪಾಯಿತು.

ಭಾರತ ಹುಣ್ಣಿಮೆ ಕಳೆದ ಮೇಲೆ ಹಡಗಲಿ ತಾಲ್ಲೂಕಿನ ಆ ಊರಲ್ಲಿ ಕಾರ್ಣಿಕ, ಅಂದರೆ ವರ್ಷದ ಭವಿಷ್ಯವಾಣಿ. ಡೆಂಕನಮರಡಿಯಲ್ಲಿ ಕಾಲಿಡಲು ಜಾಗವಿಲ್ಲ. ಭಂಡಾರ ಹಾರಿ ಜನರ ಹುಬ್ಬೆಲ್ಲ ಹಳದಿ, ಕಿವಿ ತುಂಬ "ಏಳುಕೋಟಿಗೋ". ಅಜ್ಜನ ಹೆಗಲೇರಿ, ಬೀಳದಂತೆ ಅವರ ರುಮಾಲು ಹಿಡಿದಿದ್ದೆ. ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯ, ಮೈಲಾರಲಿಂಗನ ಭಕ್ತ, ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನು ಸರಸರ ಏರಿದ. ಆಕಾಶ ನೋಡಿದ. "ಸದ್ದಲೇ!" ಅಷ್ಟು ಜನ ಒಮ್ಮೆಗೇ ಗಪ್. ಎಲ್ಲೋ ಒಂದು ಎತ್ತಿನ ಕೊರಳಗಂಟೆ. ಒಂದೇ ಸಾಲು ನುಡಿದು ಮೇಲಿಂದ ಹಾಗೇ ಬಿದ್ದ, ಕೆಳಗಿದ್ದವರು ಹಿಡಿದುಕೊಂಡರು.

ನನಗೆ ಕೇಳಿಸಿದ್ದು ಕೊನೆಯ "ಪರಾಕ್" ಅಷ್ಟೇ. ಅಜ್ಜನಿಗೆ ಕಿವಿ ಮಂದ. "ಏನಂದ?" ಎಂದರು. ಮುಖ ನೋಡಿ "ಮಳಿ ಅಂದ" ಎಂದುಬಿಟ್ಟೆ. ವಾಪಸಾಗುವಾಗ ಗಾಡಿಯಲ್ಲಿ ಒಬ್ಬರು ಅದು ಹತ್ತಿ ರೇಟು ಅಂದರು, ಇನ್ನೊಬ್ಬರು ಸರ್ಕಾರ ಬೀಳ್ತದ ಅಂದರು. ಅಜ್ಜ ಗತ್ತಿನಿಂದ, "ಮಳಿ. ನಮ್ಮ ಹುಡುಗಿ ಕೇಳ್ಯಾಳ." ಆ ವರ್ಷ ಮಳೆ ಬಂತೋ ಇಲ್ಲವೋ ನೆನಪಿಲ್ಲ. ಸುಳ್ಳು ಒಪ್ಪಿಕೊಳ್ಳುವ ಮೊದಲೇ ಅಜ್ಜ ಹೋದರು.

ಭವಿಷ್ಯವಾಣಿಯಲ್ಲಿ ಅರ್ಧ ಪಾಲು ಕೇಳಿಸಿಕೊಂಡವರದ್ದೇ ಇರುತ್ತದೇನೋ. ಮನುಷ್ಯನ ಪ್ರಜ್ಞೆ ಹತ್ತಿತೋ ಇಳಿಯಿತೋ, ಆ ಗಪ್ ಆದ ಗಳಿಗೆಯಷ್ಟು ಎಚ್ಚರವಾದ ಜನರನ್ನು ನಾನು ಮತ್ತೆ ಕಂಡಿಲ್ಲ. ನಮ್ಮ ಸರ್ವಸದಸ್ಯರ ಸಭೆಯಲ್ಲಂತೂ ಇಲ್ಲ.

ಅಂದಹಾಗೆ, ಭಾನುವಾರ ಹತ್ತಕ್ಕೆ ಪಂಚಾಂಗ ಶ್ರವಣ, ಆಮೇಲೆ ಮಕ್ಕಳ ನಾಟಕ, ಊಟ. ಪಾರ್ಕಿಂಗ್ ಹಿಂದಿನ ಗೇಟಿನ ಕಡೆ. ಕನ್ನಡ ತರಗತಿಗೆ ಹೆಸರು ಕೊಡಲು ತಿಂಗಳ ಕೊನೆ ಗಡುವು. ಇಷ್ಟು ವರ್ಷ ಪಂಚಾಂಗ ಓದುತ್ತಿದ್ದ ಹಿರಿಯರು ಊರಿಗೆ ಮರಳಿದ್ದಾರೆ, ಓದುವವರು ಬೇಕು. ಪ್ರೂಫ್ ನೋಡಲೂ ಯಾರಾದರೂ ಬನ್ನಿ, ನಾಲ್ಕು ವರ್ಷದಿಂದ ಒಬ್ಬಳೇ ನೋಡುತ್ತಿದ್ದೇನೆ, ನಿಜವಾಗಿಯೂ ಆಗುತ್ತಿಲ್ಲ.

ಮೈಕ್ ಕೈಕೊಟ್ಟರೆ ಎದ್ದು ನಿಂತು "ಸದ್ದಲೇ" ಎಂದು ಕೂಗಲು ಮಗಳು ಒಪ್ಪಿದ್ದಾಳೆ. ಅಷ್ಟರೊಳಗೆ ಅವಳ ಪ್ರಶ್ನೆಗೆ ಉತ್ತರ ಕೊಡಬೇಕಂತೆ.